ಒಂದು ಕುರ್ಚಿಗೆ ಏಳು ದಾರಿ

ನನ್ನ ಗಂಡ ಲೋವೆಲ್‌ನನ್ನು ಯಾರಾದರೂ ಸುಳ್ಳುಗಾರ ಎಂದರೆ ನಾನು ಒಪ್ಪುವುದಿಲ್ಲ. ಸುಳ್ಳು ಹೇಳುವವನಿಗೆ ಮೊದಲು ನಿಜ ಏನೆಂದು ಗೊತ್ತಿರಬೇಕು. ಬರ್ನ್ಟ್ ಕೆಟಲ್ ಮರುಭೂಮಿ ಉದ್ಯಾನದ ಕಾಲುದಾರಿಗಳ ವಿಷಯದಲ್ಲಿ ಲೋವೆಲ್‌ಗೆ ಅಂಥ ಯಾವ ತೊಂದರೆಯೂ ಇರಲಿಲ್ಲ.

ಮಿನೆಸೋಟದಲ್ಲಿ ಆಯುಷ್ಯದ ಮುಕ್ಕಾಲು ಪಾಲು ನೆಲಹಾಸು ಮಾರಿ, ಹಿಮಕ್ಕೆ ಮಂಡಿನೋವು ಜಾಸ್ತಿಯಾಯಿತೆಂದು ನಾವು ಅರಿಜೋನಕ್ಕೆ ಬಂದು ನೆಲೆಸಿದವರು. ನಿವೃತ್ತಿಯ ಮೊದಲ ತಿಂಗಳು ಲೋವೆಲ್ ಮನೆಯಲ್ಲೇ ಇದ್ದ. ಆ ಒಂದು ತಿಂಗಳಲ್ಲಿ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ. ಅದು ಸರಿಬರಲಿಲ್ಲವೆಂದು ಅಗಲದ ಪ್ರಕಾರ ಜೋಡಿಸಿದ. ನಾನು ಈರುಳ್ಳಿ ಹೆಚ್ಚುವಾಗ ಪಕ್ಕದಲ್ಲಿ ಕೈಕಟ್ಟಿ ನಿಂತು, "ಇನ್ನೂ ಸ್ವಲ್ಪ ಸಣ್ಣಗೆ ಆಗ್ಬಹುದಿತ್ತೇನೋ" ಎಂದ. ಚಾಕು ಆಗ ನನ್ನ ಕೈಯಲ್ಲೇ ಇತ್ತು. ನಾನು ಸ್ವಭಾವತಃ ಭಯಸ್ಥೆ. ಮುಖ್ಯವಾಗಿ ನನ್ನ ಬಗ್ಗೆಯೇ ನನಗೆ ಭಯವಾಯಿತು. ಮರುದಿನವೇ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಉದ್ಯಾನದ ಮಾಹಿತಿ ಕೇಂದ್ರದಲ್ಲಿ ಸ್ವಯಂಸೇವಕರ ಮೇಜಿನ ಹಿಂದಿದ್ದ ಕುರ್ಚಿಯಲ್ಲಿ ಇಳಿಸಿ ಬಂದೆ. ಮದುವೆಯ ದಿನ ಪಾದ್ರಿ ಹೇಳಿದ ಮಾತುಗಳು ಮಾಡದ ಕೆಲಸವನ್ನು ಆ ಕುರ್ಚಿ ಮಾಡಿತು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಶಾಂತಿ ನೆಲೆಸಿತ್ತು.

ಉದ್ಯಾನದಲ್ಲಿ ಏಳು ಕಾಲುದಾರಿಗಳಿವೆ. ಮೊದಲನೆಯದು ಜಾಲಿ ಸುತ್ತು. ಅದಕ್ಕೆ ಸಿಮೆಂಟು ಹಾಕಿದ್ದಾರೆ. ಮಾಹಿತಿ ಕೇಂದ್ರದ ಬಾಗಿಲಲ್ಲಿ ಹೊರಟು ಶೌಚಾಲಯದ ಬಾಗಿಲು ಮುಟ್ಟಿ ವಾಪಸಾಗುತ್ತದೆ. ಲೋವೆಲ್ ಅದನ್ನು ದಿನಕ್ಕೆ ಮೂರು ನಾಲ್ಕು ಸಲ, ಅಗತ್ಯ ಬಿದ್ದಾಗ, ತಪ್ಪದೆ ನಡೆಯುತ್ತಿದ್ದ. ಉಳಿದ ಆರನ್ನು ಕಣ್ಣಿಂದಲೂ ನೋಡಿರಲಿಲ್ಲ. ಆದರೆ ಅವನ ಬಾಯಲ್ಲಿ ಅವುಗಳ ವರ್ಣನೆ ಕೇಳಬೇಕಿತ್ತು! "ಪಿಸುಮಾತಿನ ಕಣಿವೆಯಾ? ಅಯ್ಯೋ, ಬೆಳಿಗ್ಗೆ ಹೋಗಿ ತಾಯೀ. ಬಂಡೆಗಳ ಮಧ್ಯೆ ಗಾಳಿ ನುಗ್ಗುತ್ತಲ್ಲ, ನಿಮ್ಮ ಹೆಸರು ಹಿಡಿದೇ ಕರೆದ ಹಾಗಿರತ್ತೆ." ಒಹಾಯೊದಿಂದ ಬಂದ ವಿಧವೆಯರು ಕಣ್ಣೊರೆಸಿಕೊಂಡು ಹೊರಡುತ್ತಿದ್ದರು. ಅವರಲ್ಲಿ ಇಬ್ಬರು ವಾಪಸು ಬಂದು, ಗಾಳಿ ತಮ್ಮ ಹೆಸರು ಹಿಡಿದು ಕರೆದದ್ದಷ್ಟೇ ಅಲ್ಲ, ಗಂಡನ ಧ್ವನಿಯಲ್ಲೇ ಕರೆಯಿತು ಎಂದು ಪ್ರಮಾಣ ಮಾಡಿದರು. ನೆಲಹಾಸು ಮಾರಿದ ನಾಲಿಗೆ. ಅದು ಯಾವ ಬರಿನೆಲವನ್ನೂ ಬರಿದಾಗಿರಲು ಬಿಡದು.

ಹೀಗೇ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಉದ್ಯಾನಕ್ಕೆ ಇಟ್ಸೆಲ್ ಸೊಲಿಸ್ ಎಂಬ ಹೊಸ ರೇಂಜರ್ ಬಂದಳು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಟೋಪಿ, ಕಾನೂನಿನ ಮೇಲೆ ಹೊಸ ಮದುಮಗಳಿಗಿರುವಷ್ಟು ನಂಬಿಕೆ. ಬಂದ ವಾರದಲ್ಲೇ ಒಂದು ನಿಯಮ ಮಾಡಿದಳು: ಉದ್ಯಾನದ ಎಲ್ಲ ದಾರಿಗಳನ್ನೂ ಸ್ವತಃ ನಡೆದವರು ಮಾತ್ರ ಮಾಹಿತಿಯ ಮೇಜಿನಲ್ಲಿ ಕೂರಬೇಕು.

ನಾನು ಮಧ್ಯಾಹ್ನದ ಊಟದ ಡಬ್ಬಿ ಕೊಡಲು ಹೋಗಿದ್ದಾಗಲೇ ಅವಳು ಮೇಜಿನ ಮುಂದೆ ಬಂದು ನಿಂತಳು.

"ಲೋವೆಲ್ ಸರ್, ಸುಮ್ನೆ ಕೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಏಳೂ ದಾರಿ ನಡೆದಿದ್ದೀರಿ ತಾನೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಹೋಗಿಬಿಡುತ್ತಿದ್ದಳು. ಆದರೆ ಅಲ್ಲಿ ನೀರಿನ ಬಾಟಲಿ ಕೊಳ್ಳಲು ನಿಂತಿದ್ದ ನಾಲ್ವರು ಪ್ರವಾಸಿಗರೂ ತಿರುಗಿ ನೋಡಿದರು. ನಾಲ್ಕು ಜನ ನೋಡುತ್ತಿರುವಾಗ ಬರೀ 'ಹೌದು' ಎಂದು ಸುಮ್ಮನಾಗುವ ಶಕ್ತಿಯನ್ನು ದೇವರು ನನ್ನ ಗಂಡನಿಗೆ ಕೊಟ್ಟಿಲ್ಲ.

"ನಡೆಯೋದಾ?" ಎಂದು ಲೋವೆಲ್ ನಕ್ಕ. "ಓಡಿದ್ದೀನಮ್ಮಾ. ಏಳನ್ನೂ. ಒಂದೇ ದಿನದಲ್ಲಿ."

ನನ್ನ ಕೈಯಲ್ಲಿದ್ದ ಡಬ್ಬಿ ಜಾರಿ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ನೆಲದ ಮೇಲೆ ಉರುಳಿತು. ಅದನ್ನು ಯಾರೂ ಗಮನಿಸಲಿಲ್ಲ. ರೇಂಜರ್ ಸೊಲಿಸ್ ಎರಡೂ ಕೈ ಎದೆಗೆ ಒತ್ತಿಕೊಂಡಿದ್ದಳು.

"ಒಂದೇ ದಿನದಲ್ಲಾ! ಸರ್, ಇದನ್ನ ಯಾರೂ ಮಾಡಿಲ್ಲ ಅಂತ ಆಫೀಸಲ್ಲಿ ನನಗೆ ಹೇಳಿದ್ರಲ್ಲಾ!"

"ನಾನು ಹೇಳ್ಕೊಂಡು ತಿರುಗೋನಲ್ಲ."

"ಇನ್ನೊಂದ್ಸಲ ಓಡ್ಬೇಕು ಸರ್. ಉದ್ಯಾನಕ್ಕೆ ಈ ಮಾರ್ಚಿಗೆ ಐವತ್ತು ವರ್ಷ. ಎಲ್ಲರ ಕಣ್ಣೆದುರಿಗೆ ಓಡಿಬಿಟ್ರೆ ಈ ಕುರ್ಚಿ ನಿಮಗೆ ಶಾಶ್ವತ. ನನ್ನ ನಿಯಮಕ್ಕೂ ಸಾಕ್ಷಿ ಆಗತ್ತೆ." ಅವಳು ದನಿ ತಗ್ಗಿಸಿ ಸೇರಿಸಿದಳು: "ಆಗೋದಿಲ್ಲ ಅಂದ್ರೂ ಚಿಂತೆ ಇಲ್ಲ ಸರ್. ಕುರ್ಚಿ ಬಿಟ್ಟುಕೊಟ್ಟು ನೆಮ್ಮದಿಯಾಗಿ ಮನೇಲಿರಬಹುದು."

ಮನೇಲಿರಬಹುದು! ನನ್ನ ಕಣ್ಣಮುಂದೆ ಡಬ್ಬಿಗಳು ಸಾಲಾಗಿ ನಿಂತವು.

"ಓಡ್ತಾನೆ," ಎಂದೆ ನಾನು.

ಮನೆಗೆ ಬಂದ ಮೇಲೆ ಲೋವೆಲ್ ಹಾಳೆಯ ಮೇಲೆ ಕೂಡಿಸಿ ನೋಡಿದ. ಮೇಜಿನ ಹಿಂದಿನ ಫಲಕದಲ್ಲಿದ್ದ ಮೈಲಿಗಳು ಅವನಿಗೆ ಬಾಯಿಪಾಠ. ಎಲ್ಲ ಸೇರಿ ಹನ್ನೊಂದು. "ಹನ್ನೊಂದೇ ಮೈಲಿ ಮಾರ್ಲಿಸ್! ಅಂಗಡಿಯಲ್ಲಿದ್ದಾಗ ಹಬ್ಬದ ರಿಯಾಯಿತಿ ದಿನ ಇದಕ್ಕಿಂತ ಜಾಸ್ತಿ ನಡೀತಿದ್ದೆ." ಅವನ ಮುಖದಲ್ಲಿ ಬಣ್ಣ ಬಂತು. ನನಗೂ ಸ್ವಲ್ಪ ಧೈರ್ಯ ಬಂತು. ಹನ್ನೊಂದು ಮೈಲಿಗೆ ಮನುಷ್ಯ ಸಾಯುವುದಿಲ್ಲ ಎಂದುಕೊಂಡೆ.

ನಮ್ಮ ಬಡಾವಣೆಯಲ್ಲಿ ಸುದ್ದಿ ಹರಡಲು ಎರಡು ದಾರಿಗಳಿವೆ: ಈಜುಕೊಳ ಮತ್ತು ಗ್ವೆಂಡ. ನಿವಾಸಿಗಳ ಸಂಘದ ಅಧ್ಯಕ್ಷೆ ಗ್ವೆಂಡ ಅಂದು ಸಂಜೆ ಈಜುಕೊಳದಲ್ಲೇ ಇದ್ದಳು. ಕಳೆದ ವರ್ಷ ನಮ್ಮ ಅಂಗಳದ ಜಲ್ಲಿಕಲ್ಲು 'ಮರಳಿನ ಕಂದು' ಆಗಿರದೆ 'ಬಿಸ್ಕತ್ತಿನ ಕಂದು' ಆಗಿದೆ ಎಂದು ಮೂರು ಸಲ ಎಚ್ಚರಿಕೆ ಕೊಟ್ಟವಳು ಇವಳೇ. ಮರುದಿನ ಬೆಳಿಗ್ಗೆ ಅದೇ ಜಲ್ಲಿಯನ್ನು ತುಳಿಯುತ್ತ ಬಂದು ನನ್ನನ್ನು ತಬ್ಬಿಕೊಂಡಳು.

"ಏನೇ ಮಾರ್ಲಿಸ್, ಮನೇಲಿ ಹುಲಿ ಸಾಕ್ಕೊಂಡು ಬೆಕ್ಕು ಅಂತಿದ್ಯಲ್ಲೇ!"

"ಅವನಿಗೆ ಮಂಡಿನೋವಿದೆ ಗ್ವೆಂಡ."

"ನೋಡು, ನೋಡು, ಮಂಡಿನೋವು ಇಟ್ಕೊಂಡೇ ಓಡಿದ್ದಾನೆ! ಇದನ್ನ ಭಾಷಣದಲ್ಲಿ ಹಾಕ್ತೀನಿ." ಅವಳು ನಮ್ಮ ಗ್ಯಾರೇಜಿನ ಬಾಗಿಲನ್ನು ಕಣ್ಣಲ್ಲೇ ಅಳೆದಳು. "ಇಲ್ಲೊಂದು ದೊಡ್ಡ ಬಟ್ಟೆ ಫಲಕ ಕಟ್ಟಿಸ್ತೀನಿ. ನಿಯಮದಲ್ಲಿ ಇಲ್ಲ, ಆದರೆ ನಿಯಮ ಅಂದ್ರೆ ನಾನೇ ತಾನೇ? ಮತ್ತೆ ಉದ್ಯಾನದಲ್ಲಿ ಒಂದು ಬೆಂಚು ಹಾಕಿಸ್ತೀವಿ. ಲೋವೆಲ್ ಹೆಸರಲ್ಲಿ, ಕಂಚಿನ ಫಲಕ ಸಮೇತ."

"ಬೆಂಚು... ಸತ್ತವರ ಹೆಸರಲ್ಲಿ ಅಲ್ವಾ ಹಾಕಿಸೋದು?"

"ನಿನ್ನ ಬಾಯಲ್ಲಿ ಬರೀ ಅಪಶಕುನ ಕಣೇ."

ಮಾತಿನಲ್ಲಿ ನಾನು ಎಚ್ಚರ ತಪ್ಪುವವಳಲ್ಲ. ಆದರೆ ಗ್ವೆಂಡಳ ಮುಂದೆ ಎಚ್ಚರದ ಮಾತಿಗೆ ಬಿಸ್ಕತ್ತಿನ ಕಂದಿಗಿರುವಷ್ಟೇ ಬೆಲೆ.

ಮೂರನೆಯ ದಿನ ಬಂದವನು ಚೆಟ್. ಮರುಭೂಮಿಯಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತರುವ ಸ್ವಯಂಸೇವಕ ಪಡೆಯ ನಾಯಕ. ಎರಡು ವರ್ಷದಿಂದ ಅವನ ದುರದೃಷ್ಟಕ್ಕೆ ಯಾರೂ ದಾರಿ ತಪ್ಪಿರಲಿಲ್ಲ. ಊರವರ ದೇಣಿಗೆಯಿಂದ ಒಂದೇ ದಪ್ಪ ಚಕ್ರದ ಹೊಸ ಸ್ಟ್ರೆಚರ್ ತರಿಸಿದ್ದರು. ಅದರ ಮೇಲೆ ಈವರೆಗೆ ಮಲಗಿದ್ದು ಚೆಟ್‌ನ ನಾಯಿ ಮಾತ್ರ. ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅವನು ಲೋವೆಲ್‌ನನ್ನು ನೋಡಿದ ನೋಟ, ಅಂಗಡಿಯ ಗಾಜಿನೊಳಗಿನ ಕೋಳಿಯನ್ನು ನೋಡುವಂತಿತ್ತು.

"ಎಷ್ಟು ತೂಗ್ತೀಯಾ ಗುರೂ?"

"ಯಾಕೆ?"

"ಸುಮ್ನೆ. ಹೃದಯ ಹೇಗಿದೆ? ಮನೇಲಿ ಯಾರಿಗಾದ್ರೂ ತೊಂದರೆ ಇತ್ತಾ? ಅಪ್ಪಂಗೆ? ಚಿಕ್ಕಪ್ಪಂಗೆ?"

"ಯಾರಿಗೂ ಇಲ್ಲ."

"ಹೋಗ್ಲಿ ಬಿಡು," ಎಂದ ಚೆಟ್, ನಿರಾಸೆಯನ್ನು ನುಂಗಿಕೊಂಡು. "ನಾವು ನಾಲ್ಕು ಜನ ನಿನ್ನ ಹಿಂದೇನೇ ಬರ್ತೀವಿ. ನೀನು ಬೀಳೋದೊಂದೇ ತಡ."

ಲೋವೆಲ್‌ನ ತಯಾರಿ ಮುಖ್ಯವಾಗಿ ಬೂಟುಗಳ ಮಟ್ಟದಲ್ಲಿ ನಡೆಯಿತು. ಓಟಗಾರರ ಬೂಟು, ಬೆನ್ನಿಗೆ ಕಟ್ಟಿಕೊಂಡು ಕೊಳವೆಯಿಂದ ನೀರು ಹೀರುವ ಚೀಲ, ಸೊಂಟಕ್ಕೆ ಪಟ್ಟಿ. ಎಲ್ಲವನ್ನೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಏದುಸಿರು ಬಿಡುತ್ತಿದ್ದ. ನಾನು ನನ್ನ ಪಾಡಿಗೆ ಬೆವರಿಳಿದು ಸುಸ್ತಾದರೆ ನೆಕ್ಕಲು ಉಪ್ಪಿನ ಪುಡಿ, ಚಿಮಟ, ಮತ್ತು ಚೋಯಾ ಕಳ್ಳಿಯ ಮುಳ್ಳುಂಡೆ ಚುಚ್ಚಿಕೊಂಡರೆ ಕಿತ್ತೆಸೆಯಲು ಎರಡು ಬಾಚಣಿಗೆ ಕಟ್ಟಿಟ್ಟೆ. ಒಂದು ಅವನಿಗೆ, ಇನ್ನೊಂದು, ಮೊದಲನೆಯದು ಮುರಿದರೆ.

ಮಾರ್ಚಿನಲ್ಲಿ ಓಟದ ಶನಿವಾರ ಬೆಳಕು ಹರಿಯುವ ಮೊದಲೇ ಅರ್ಧ ಬಡಾವಣೆ ಉದ್ಯಾನದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿತ್ತು. ರೇಂಜರ್ ಸೊಲಿಸ್ ಸೀಟಿ ಊದಿದಳು. ಲೋವೆಲ್ ಜಾಲಿ ಸುತ್ತನ್ನು ನಿಜಕ್ಕೂ ಓಡಿದ. ಚಿರಪರಿಚಿತ ದಾರಿ, ಅಭ್ಯಾಸಬಲದಿಂದ ಶೌಚಾಲಯದ ಬಾಗಿಲಲ್ಲಿ ಒಂದು ಕ್ಷಣ ನಿಂತನೇ ಹೊರತು ಬೇರೆ ತೊಂದರೆ ಆಗಲಿಲ್ಲ. ಚಪ್ಪಾಳೆಯ ಮಧ್ಯೆ ಪಿಸುಮಾತಿನ ಕಣಿವೆಯೊಳಗೆ ನುಗ್ಗಿ ಮರೆಯಾದ. ಹಿಂದೆಯೇ ಚೆಟ್, ಅವನ ಭಾವಮೈದುನ ಡ್ವೇನ್, ಇನ್ನಿಬ್ಬರು, ಸ್ಟ್ರೆಚರ್.

ನಾನು ಕಾದೆ. ಅವನು ಬರಬೇಕಾದ ಹೊತ್ತಿಗೆ ಬರಲಿಲ್ಲ. ಬಹಳ ಹೊತ್ತಾದರೂ ಬರಲಿಲ್ಲ. ಉಪ್ಪಿನ ಪುಡಿಯನ್ನು ಅರ್ಧ ನಾನೇ ತಿಂದೆ.

ಒಳಗೆ ಏನಾಯಿತೆಂದು ಚೆಟ್ ಆಮೇಲೆ ಹೇಳಿದ. ದಾರಿ ಒಂದು ಬಂಡೆಯ ತುದಿಯಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಆಕಾಶ. ಲೋವೆಲ್ ಆ ಬಂಡೆಯ ಮೇಲೆ ಸೊಂಟಕ್ಕೆ ಕೈಕೊಟ್ಟು, ಬಸ್ಸಿಗೆ ಕಾಯುವವನಂತೆ ಅತ್ತಿತ್ತ ನೋಡುತ್ತ ನಿಂತಿದ್ದ.

"ಏನ್ ಗುರೂ, ಸುಸ್ತಾಯ್ತಾ?" ಎಂದು ಚೆಟ್ ಆಸೆಯಿಂದ ಸ್ಟ್ರೆಚರ್ ಬಿಡಿಸಿದನಂತೆ.

"ಮಾರ್ಲಿಸ್ ಕಾರು ತಂದಿಲ್ಲ."

"ಕಾರಾ? ಇಲ್ಲಿಗಾ?"

"ದಾರಿ ಮುಗೀತಲ್ಲ. ಹೊರಗೆ ಹೋಗೋದು ಎಲ್ಲಿಂದ?"

"ಬಂದ ದಾರೀಲೇ."

"ಅದು ಬಂದಿದ್ದು. ಹೋಗೋ ದಾರಿ?"

"ಬಂದ ದಾರೀನೇ ಹೋಗೋ ದಾರಿ ಕಣಯ್ಯ! ಜಾಲಿ ಸುತ್ತೊಂದು ಬಿಟ್ರೆ ಉಳಿದಿದ್ದೆಲ್ಲ ಹೀಗೇ. ಫಲಕದಲ್ಲಿ ಬರೆಯೋದು ಹೋಗೋ ದೂರ ಮಾತ್ರ. ಮಗುವಿಗೂ ಗೊತ್ತು."

ಚೆಟ್ ಹೇಳಿದ ಪ್ರಕಾರ ಲೋವೆಲ್ ಆಗ ಬೆರಳು ಮಡಚಿ ಮಡಚಿ ಏನೋ ಎಣಿಸಿದ. ಹನ್ನೊಂದು ಹೆಚ್ಚುಕಮ್ಮಿ ಇಪ್ಪತ್ತೆರಡಾಗುವ ಶಬ್ದ ಆ ಕಣಿವೆಯಲ್ಲಿ ಕೇಳಿಸಿತಂತೆ. ಗಾಳಿ ಮಾತ್ರ ಯಾರ ಹೆಸರನ್ನೂ ಕರೆಯಲಿಲ್ಲ.

ಹನ್ನೊಂದು ವರ್ಷ ಪ್ರವಾಸಿಗರು ಸಂಜೆ ವಾಪಸು ಬಂದು ನಲ್ಲಿಗೆ ಬಾಯಿಟ್ಟು ನೀರು ಕುಡಿದು, ಮೇಜಿನತ್ತ ಕೆಂಗಣ್ಣು ಬಿಟ್ಟು ಹೋಗುತ್ತಿದ್ದುದನ್ನು ನಾನು ಕಂಡಿದ್ದೆ. "ಬಿಸಿಲಿಗೆ ಜನಕ್ಕೆ ಸಿಡುಕು," ಎನ್ನುತ್ತಿದ್ದ ಲೋವೆಲ್. ಈಗ ಆ ಸಿಡುಕಿನ ಶಾಸ್ತ್ರೀಯ ಕಾರಣ ಅವನ ಕಾಲಿನ ಮೂಲಕ ಅವನ ತಲೆಗೆ ಏರುತ್ತಿತ್ತು.

ಕಣಿವೆಯಿಂದ ಹೊರಬಂದಾಗ ಅವನು ಓಡುತ್ತಿರಲಿಲ್ಲ. ನಡೆಯುತ್ತಿದ್ದ ಎಂದರೂ ಸ್ವಲ್ಪ ಉದಾರ ಮಾತಾಗುತ್ತದೆ. ಆದರೆ ಜನ ಎದ್ದು ನಿಂತು ಕೂಗಿದರು. ಗ್ವೆಂಡ ಧ್ವನಿವರ್ಧಕದಲ್ಲಿ, "ನೋಡಿ, ಶಕ್ತಿಯನ್ನು ಹೇಗೆ ಉಳಿಸಿಕೊಳ್ಳುತ್ತಿದ್ದಾನೆ!" ಎಂದಳು.

ನಾನು ನೀರಿನ ಚೀಲ ತುಂಬಿಸುತ್ತ ಪಿಸುಗುಟ್ಟಿದೆ. "ಬಿಟ್ಟುಬಿಡು ಲೋವೆಲ್. ಮಂಡಿ ನೋವು ಅಂತ ಹೇಳಿಬಿಡೋಣ."

ಅವನು ಮಾಹಿತಿ ಕೇಂದ್ರದ ಕಿಟಕಿಯಿಂದ ಕಾಣುತ್ತಿದ್ದ ತನ್ನ ಕುರ್ಚಿಯನ್ನು ನೋಡಿದ. ಅದರ ಬೆನ್ನಿಗೆ ಅವನ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ನೇತಾಡುತ್ತಿತ್ತು. "ಆ ಕುರ್ಚೀಲಿ ಕೂತಾಗ ಜನ ನನ್ನ ಮಾತು ಕೇಳ್ತಾರೆ ಮಾರ್ಲಿಸ್," ಎಂದ.

ಮನೆಯಲ್ಲಿ ಯಾರು ಕೇಳುತ್ತಾರೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಾಚಣಿಗೆ ಕೊಟ್ಟು ಕಳಿಸಿದೆ.

ಬೆಂಚಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಗ್ವೆಂಡ ಮಧ್ಯಾಹ್ನ ಸರಿಸಿದಳು. ಕಂಚಿನ ಫಲಕ ಮಾಡಿಕೊಡುವ ಅಂಗಡಿಯವನಿಗೆ ಉದ್ಯಾನದ ಬೆಂಚು ಎಂದೊಡನೆ ಕೈ ತಾನಾಗಿ ಓಡಿದೆ. ಗ್ವೆಂಡ ಕೊಟ್ಟ ಹೆಸರು, ಹುಟ್ಟಿದ ವರ್ಷ, ಓಟದ ತಾರೀಖು ಮೂರನ್ನೂ ತನಗೆ ರೂಢಿಯಿದ್ದಂತೆ ಜೋಡಿಸಿದ್ದಾನೆ. ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಇವತ್ತಿನ ತಾರೀಖು. ಕೆಳಗೆ: 'ಈ ದಾರಿಗಳನ್ನು ಬಹಳ ಪ್ರೀತಿಸಿದವರು.' ಮೂಲೆಯಲ್ಲಿ, ಹೆಚ್ಚಿಗೆ ಹಣ ಕೇಳದೆ, ಎರಡು ಪಾರಿವಾಳ.

ಅಲ್ಲಿದ್ದವರೆಲ್ಲ ಮೊದಲು ಫಲಕ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾರೋ ಫೋಟೋ ತೆಗೆದು ಊರಿನ ಫೇಸ್‌ಬುಕ್ ಪುಟಕ್ಕೆ ಹಾಕಿದರು.

ನಮ್ಮಲ್ಲಿ ಸಾವಿನ ಸುದ್ದಿಗೂ ಮನೆಬಾಗಿಲಿಗೆ ಕ್ಯಾಸರೋಲ್, ಅಂದರೆ ನೆರೆಯವರು ಓವನ್‌ನಲ್ಲಿ ಬೇಯಿಸಿ ತರುವ ಊಟ, ಬರುವುದಕ್ಕೂ ನಡುವೆ ಓವನ್ ಬಿಸಿಯಾಗುವಷ್ಟೇ ಅಂತರ. ಚರ್ಚಿನ ಹೆಂಗಸರು ಉದ್ಯಾನಕ್ಕೇ ಬಂದರು. ಟ್ಯೂನಾ ಮೀನು ಮತ್ತು ನೂಡಲ್ಸ್, ಅಣಬೆ ಸೂಪಿನಲ್ಲಿ ಬೇಯಿಸಿದ ಕೋಳಿ, ಮೇಲೆ ಕರಿದ ಆಲೂ ಪುಡಿ ಉದುರಿಸಿದ ಹುರುಳಿಕಾಯಿ. ಒಬ್ಬೊಬ್ಬರೂ ತಟ್ಟೆ ಇಟ್ಟು ನನ್ನ ಕೈ ಹಿಡಿದು, "ಇಷ್ಟಪಟ್ಟ ಜಾಗದಲ್ಲೇ ಹೋದ್ರು ಅನ್ನೋದೊಂದೇ ಸಮಾಧಾನ," ಎಂದರು.

"ಅವನು ಬದುಕಿದ್ದಾನೆ. ಹೇಸರಗತ್ತೆ ಅನ್ನೋ ಮೂರನೇ ದಾರೀಲಿದ್ದಾನೆ."

"ಹೌದಮ್ಮ, ಹೌದು," ಎಂದು ಅವರು ನನ್ನ ಬೆನ್ನು ಸವರಿದರು. "ಮೊದಲು ಹಾಗೇ ಅನ್ಸತ್ತೆ."

ಅಷ್ಟರಲ್ಲಿ ಮಿನೆಸೋಟದಿಂದ ಲೋವೆಲ್‌ನ ಅಕ್ಕ ಡಾರ್ಲೀನ್ ಫೋನು ಮಾಡಿದಳು.

"ಸ್ವಂತ ತಮ್ಮ ತೀರಿಕೊಂಡಿದ್ದನ್ನ ನಾನು ಬೆಂಚು ನೋಡಿ ತಿಳ್ಕೋಬೇಕಾ ಮಾರ್ಲಿಸ್?"

"ತೀರಿಕೊಂಡಿಲ್ಲ ಅಕ್ಕ. ಓಡ್ತಿದ್ದಾನೆ."

"ಲೋವೆಲ್ಲಾ? ಓಡ್ತಿದ್ದಾನಾ? ನೋಡು, ಸತ್ತಿದ್ದಾನೆ ಅಂದ್ರೆ ನಂಬ್ತೀನಿ, ಇದನ್ನ ನಂಬೋಕಾಗಲ್ಲ. ಫಲಕದಲ್ಲಿ ಇವತ್ತಿನ ತಾರೀಖು ಇದೆಯಲ್ಲ?"

"ಅದು ಓಟದ ತಾರೀಖು."

"ಹಾಗಾದ್ರೆ ವಿಮಾನದ ಟಿಕೆಟ್ ಈಗಲೇ ತೆಗೀಲಾ, ಸಂಜೇವರೆಗೆ ಕಾಯ್ಲಾ?"

ಫೋನಿಟ್ಟು ತಿರುಗಿದರೆ ಲೋವೆಲ್ ಹೇಸರಗತ್ತೆ ದಾರಿಯಿಂದ ಈಚೆ ಬಂದು, ಯಾರ ಕಡೆಯೂ ನೋಡದೆ, ಆ ಬೆಂಚಿನ ಮೇಲೇ ಕೂತಿದ್ದ. ಮೀನಖಂಡದಲ್ಲಿ ಚೋಯಾ ಮುಳ್ಳುಂಡೆ ಎರಡು. ಒಂದು ಬಾಚಣಿಗೆ ಮುರಿದಿತ್ತು. ನಾನು ಮುಳ್ಳು ಕೀಳುವಾಗ ಅವನು ನಿಧಾನವಾಗಿ ತಿರುಗಿ ಫಲಕ ಓದಿದ. ಇನ್ನೊಮ್ಮೆ ಓದಿದ.

"ಮಾರ್ಲಿಸ್, ಇವತ್ತು ಎಷ್ಟನೇ ತಾರೀಖು?"

ನಾನು ಹೇಳಿದೆ.

"ನಾನು ಬದುಕಿದ್ದೀನಿ," ಎಂದ ಲೋವೆಲ್, ಚೆಟ್‌ನ ಕಡೆಗೆ, ದೂರು ಕೊಡುವ ದನಿಯಲ್ಲಿ.

"ಇನ್ನೂ ಸಂಜೆಯಾಗಿಲ್ಲ ಗುರೂ," ಎಂದ ಚೆಟ್. ಸ್ಟ್ರೆಚರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಐದು ನಿಮಿಷ ಮಲಗಿ ನೋಡು. ಮೆತ್ತಗಿದೆ. ತಲೆಹತ್ರ ಲೋಟ ಇಡೋಕೂ ಜಾಗ ಇದೆ."

"ಮಲಗಿದ್ರೆ ಓಟ ಲೆಕ್ಕಕ್ಕಿಲ್ಲ, ಸರ್," ಎಂದಳು ರೇಂಜರ್ ಸೊಲಿಸ್, ದುಃಖದಿಂದ, ಆದರೆ ಸ್ಪಷ್ಟವಾಗಿ.

ಲೋವೆಲ್ ಸ್ಟ್ರೆಚರ್ ನೋಡಿದ. ಕಿಟಕಿಯಾಚೆ ಕುರ್ಚಿ ನೋಡಿದ. ಅಣಬೆ ಸೂಪಿನ ಕೋಳಿಯನ್ನು ನಿಂತೇ ನಾಲ್ಕು ಚಮಚ ತಿಂದ. ತನ್ನದೇ ತಿಥಿಯ ಊಟ ಉಂಡು ಮುಂದಿನ ದಾರಿ ಹಿಡಿದವನನ್ನು ನಾನು ಅವತ್ತೇ ಕಂಡದ್ದು.

ನಾಲ್ಕನೆಯದಾದ ದೇವದೂತರ ಒಲೆ, ಆಮೇಲಿನ ಎರಡು ದಾರಿ, ಎಲ್ಲ ಆಯಿತು. ಹೇಗೆ ಆಯಿತೆಂದು ವಿವರಿಸುವುದು ಸಭ್ಯವಲ್ಲ. ಕೆಲವು ಕಡೆ ಹಿಮ್ಮುಖವಾಗಿ ಇಳಿದ, ಕೆಲವು ಕಡೆ ಕೂತೇ ಜಾರಿದ. ಬಿಸಿಲು ಇಳಿಯುವ ಹೊತ್ತಿಗೆ ಏಳನೆಯದಾದ ಅನುಮಾನದ ಗುಡ್ಡವನ್ನು ಹತ್ತಲು ಹೋದ. ಜನ ಗುಡ್ಡದ ಬುಡದಲ್ಲಿ ನಿಂತು ಕ್ಯಾಸರೋಲ್ ತಿನ್ನುತ್ತ ಕಾದರು. ಕೈಯೆತ್ತಿ ನಿಂತ ಕಳ್ಳಿಗಳ ನೆರಳು ಉದ್ದವಾಯಿತು. ಪ್ರತಿ ನೆರಳೂ ನನಗೆ ಲೋವೆಲ್‌ನಂತೆ ಕಂಡು, ಆಮೇಲೆ ಅವನಲ್ಲದೆ ಹೋಯಿತು. ಆ ಕಂಚಿನ ತಾರೀಖು ನಿಜವಾಗಿಬಿಟ್ಟರೆ ಎಂದು ಮೊದಲ ಸಲ ಹೆದರಿದೆ. ಡಬ್ಬಿಗಳನ್ನು ಹೇಗೆ ಬೇಕಾದರೂ ಜೋಡಿಸಲಿ, ಬಂದರೆ ಸಾಕು ಎಂದುಕೊಂಡೆ. ಈ ಮಾತನ್ನು ಜೋರಾಗಿ ಹೇಳಲಿಲ್ಲ. ಯಾರಾದರೂ ನೆನಪಿಟ್ಟುಕೊಂಡರೆ?

"ಸ್ಟ್ರೆಚರ್!" ಎಂದು ಯಾರೋ ಕೂಗಿದರು.

ಗುಡ್ಡದ ತಿರುವಿನಲ್ಲಿ ಸ್ಟ್ರೆಚರ್ ಇಳಿದು ಬರುತ್ತಿತ್ತು. ಅದರ ಮೇಲೆ ಒಂದು ದೇಹ ಮಲಗಿತ್ತು, ಮುಖದ ಮೇಲೆ ಟೋಪಿ. ಚರ್ಚಿನ ಹೆಂಗಸರು ನನ್ನ ಎರಡೂ ತೋಳು ಹಿಡಿದುಕೊಂಡರು. ಗ್ವೆಂಡ ಧ್ವನಿವರ್ಧಕದಲ್ಲಿ, "ಎಲ್ಲರೂ ಎದ್ದು ನಿಲ್ಲಿ," ಎಂದು ಗದ್ಗದಿತಳಾದಳು. ನಾನು ಅವರಿಂದ ಬಿಡಿಸಿಕೊಂಡು ಓಡಿದೆ. ಜಾಲಿ ಸುತ್ತು ಮುಗಿದ ಮೇಲೆ ಆ ಇಡೀ ದಿನ ನಿಜವಾಗಿ ಓಡಿದವಳು ನಾನೊಬ್ಬಳೇ ಇರಬೇಕು.

ಹತ್ತಿರ ಹೋಗಿ ಟೋಪಿ ತೆಗೆದೆ. ಅದು ಡ್ವೇನ್.

"ಕಾಲು ಹಿಡ್ಕೊಂಡಿದೆ ಅಷ್ಟೇ," ಎಂದ ಡ್ವೇನ್, ನಾಚಿಕೆಯಿಂದ. "ಇವತ್ತು ಇಷ್ಟು ದೂರ ಅಂತ ಯಾರಿಗ್ಗೊತ್ತಿತ್ತು!"

ಸ್ಟ್ರೆಚರಿನ ಹಿಂದಿನ ಹಿಡಿಯನ್ನು ಹಿಡಿದು, ಚಕ್ರ ಜಾರದಂತೆ ಹಿಂದಕ್ಕೆ ವಾಲಿ, ಕೆಂಪು ಮಣ್ಣಿನ ಬೊಂಬೆಯಂತೆ ಇಳಿಯುತ್ತಿದ್ದವನು ನನ್ನ ಗಂಡ. ಉಳಿದಿಬ್ಬರು ದೂರ ಹಿಂದೆ ಕುಂಟುತ್ತ ಬರುತ್ತಿದ್ದರು. ಮುಂದಿನ ಹಿಡಿಯಲ್ಲಿ ಚೆಟ್. ಎರಡು ವರ್ಷ ಕಾದ ಮೇಲೆ ಕೊನೆಗೂ ಒಬ್ಬರನ್ನು ರಕ್ಷಿಸಿದ ಆನಂದಕ್ಕೆ ಅವನ ಕಣ್ಣಲ್ಲಿ ನೀರಿತ್ತು.

ಏಳು ದಾರಿ ಮುಗಿದವು. ರೇಂಜರ್ ಸೊಲಿಸ್ ಸೀಟಿ ಊದಿ, ಲೋವೆಲ್‌ನ ಅಂಗಿಗೆ ಪದಕ ಚುಚ್ಚಿ, ಕುರ್ಚಿ ಶಾಶ್ವತ ಎಂದು ಘೋಷಿಸಿದಳು. ಗ್ವೆಂಡ ಮಂಡಿನೋವಿನ ಬಗ್ಗೆ ಭಾಷಣ ಮಾಡಿದಳು. ಡಾರ್ಲೀನ್ ಫೋನಿನಲ್ಲಿ, "ಒಳ್ಳೇದಾಯ್ತು ಬಿಡು," ಎಂದಳು, ಟಿಕೆಟಿನ ಹಣ ವಾಪಸು ಬರುವುದಿಲ್ಲವೆಂಬ ವಿಷಾದ ಬೆರೆಸಿ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ನಾಲ್ಕು ದಿನ ಹಾಸಿಗೆಯಲ್ಲಿದ್ದು ಐದನೆಯ ದಿನ ಲೋವೆಲ್ ಕುರ್ಚಿಗೆ ಮರಳಿದ. ಅಂದು ಮಧ್ಯಾಹ್ನ ನಾನು ಡಬ್ಬಿ ಹಿಡಿದು ಬಾಗಿಲಲ್ಲಿದ್ದಾಗ ಅಯೋವದಿಂದ ಬಂದ ಒಂದು ಕುಟುಂಬ ಮೇಜಿನ ಮುಂದೆ ನಿಂತಿತ್ತು.

"ಪಿಸುಮಾತಿನ ಕಣಿವೆಯಲ್ಲಿ ಏನೇನಿದೆ ಸಾರ್?"

"ಕಲ್ಲು," ಎಂದ ಲೋವೆಲ್.

"ಆಮೇಲೆ?"

"ಆಮೇಲೆ ವಾಪಸ್ ಬರ್ಬೇಕು. ಆಗ ಅದೇ ಕಲ್ಲು, ಇನ್ನೊಂದು ಕಡೆಯಿಂದ."

"ದೇವದೂತರ ಒಲೆ?"

"ಒಲೆ ಇದೆ. ದೇವದೂತರಿಲ್ಲ."

"ಮಕ್ಕಳಿಗೆ ಯಾವುದು ಒಳ್ಳೇದು?"

ಲೋವೆಲ್ ಆ ಮಕ್ಕಳನ್ನು ನಿಜವಾದ ಕರುಣೆಯಿಂದ ನೋಡಿದ. "ಊರಲ್ಲಿ ಐಸ್‌ಕ್ರೀಮ್ ಅಂಗಡಿ ಇದೆ," ಎಂದ.

ತಿಂಗಳು ಕಳೆಯುವುದರೊಳಗೆ ಪ್ರವಾಸಿಗರು ಬಾಗಿಲಿಂದಲೇ ಹಿಂದಿರುಗತೊಡಗಿದರು. ರಾಜಧಾನಿಯ ಮೇಲಧಿಕಾರಿಗಳಿಂದ ರೇಂಜರ್ ಸೊಲಿಸ್‌ಗೆ ಫೋನು ಬಂತು. ಅವಳು ನನ್ನನ್ನು ವಾಹನ ನಿಲುಗಡೆಯ ಮೂಲೆಗೆ ಕರೆದಳು. ಟೋಪಿಯ ಇಸ್ತ್ರಿ ಹಾಳಾಗಿತ್ತು.

"ಮೇಡಂ, ಸರ್‌ಗೆ ಸ್ವಲ್ಪ ಹೇಳಿ. ಮೊದಲು ಎಷ್ಟು ಚೆನ್ನಾಗಿ ಹೇಳ್ತಿದ್ರಂತೆ! ಹಾಗೇ ಹೇಳ್ಲಿ."

ಸಂಜೆ ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತ ಹೇಳಿದೆ. "ಎರಡು ಒಳ್ಳೆ ಮಾತು ಸೇರ್ಸಿ ಹೇಳಿದ್ರೆ ಗಂಟೇನು ಹೋಗತ್ತೆ?"

"ಬರ್ತಾ ಇಲ್ಲ ಮಾರ್ಲಿಸ್," ಎಂದ ಲೋವೆಲ್. ಅವನ ಮುಖ ಸಣ್ಣದಾಗಿತ್ತು. "ಬಾಯಿ ತೆಗೆದ ಕೂಡಲೇ ಆ ಬಂಡೆ ಕಣ್ಮುಂದೆ ಬಂದು ನಿಲ್ಲತ್ತೆ. ನೋಡಿಬಿಟ್ಟಿದ್ದೀನಲ್ಲ. ನೋಡಿದ ಮೇಲೆ ಹೇಗೆ ಹೇಳ್ಲಿ?"

ರೇಂಜರ್ ಸೊಲಿಸ್ ತನ್ನ ನಿಯಮವನ್ನು ತಿದ್ದಿದಳು. ದಾರಿ ನಡೆಯುವವರ ಅನುಭವಕ್ಕೂ ದಾರಿ ಹೇಳುವವರ ಮಾಹಿತಿಗೂ ನಡುವೆ ಆರೋಗ್ಯಕರ ಅಂತರ ಇರಬೇಕು ಎಂದು ಅದರ ಸಾರಾಂಶ. ಶಾಶ್ವತ ಕುರ್ಚಿಯಿಂದ ಲೋವೆಲ್‌ನನ್ನು ಗೌರವಪೂರ್ವಕವಾಗಿ ಇಳಿಸಿದರು. ಅವನು ಅಂಗಿಯನ್ನು ಮಡಚಿ ಮೇಜಿನ ಮೇಲಿಟ್ಟು, ನಿಟ್ಟುಸಿರು ಬಿಟ್ಟು, ಮನೆಗೆ ಬಂದ. ನಮ್ಮ ಮನೆಗೆ. ನನ್ನ ಅಡುಗೆಮನೆಗೆ. ಮರುದಿನ ಬೆಳಿಗ್ಗೆ ನಾನು ಎದ್ದಾಗ ಸಕ್ಕರೆ ಡಬ್ಬಿ ಕೈಯಲ್ಲಿ ಹಿಡಿದು, "ಇದರಲ್ಲಿ ಸಕ್ಕರೆ ಇದೆ ಅಂತ ಬರೆದಿದ್ಯಲ್ಲ, ಅರ್ಧ ಡಬ್ಬಿ ಬರೀ ಗಾಳಿ," ಎಂದ. ಈಗ ಅವನು ನಿಜ ಬೇರೆ ಹೇಳುತ್ತಿದ್ದ.

ನಾನು ಕಾರು ತೆಗೆದುಕೊಂಡು ನೇರ ಉದ್ಯಾನಕ್ಕೆ ಹೋದೆ. ರೇಂಜರ್ ಸೊಲಿಸ್ ಖಾಲಿ ಕುರ್ಚಿಯ ಪಕ್ಕ ನಿಂತಿದ್ದಳು. ಮೇಜಿನ ಮೇಲಿದ್ದ ಅಂಗಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಕಿತ್ತಳೆ ಅಂಗಿ ನನಗೆ ಸ್ವಲ್ಪ ಸಡಿಲ, ಪಿನ್ನು ಹಾಕಿಕೊಂಡೆ.

ಮೊದಲು ಬಂದವಳು ವಿಸ್ಕಾನ್ಸಿನ್‌ನ ಒಬ್ಬ ನಿವೃತ್ತ ಶಿಕ್ಷಕಿ, ಹೊಸ ಬೂಟು ಹಾಕಿಕೊಂಡಿದ್ದಳು. ಅನುಮಾನದ ಗುಡ್ಡ ಹೇಗಿದೆ ಎಂದು ಕೇಳಿದಳು. ನಾನು ಕಿಟಕಿಯಾಚೆ ಒಂದು ಕ್ಷಣ ನೋಡಿದೆ. ಸಂಜೆಯ ಹೊತ್ತು ಅದರ ನೆತ್ತಿಯ ಮೇಲೆ ನಿಂತರೆ, ಕೆಳಗಿನ ಬಯಲಿನಲ್ಲಿ ಬೆಳಕು ಒಂದೊಂದೇ ಕಳ್ಳಿಯನ್ನು ಮುಟ್ಟಿ ಬೀಳ್ಕೊಡುತ್ತ ಹೋಗುತ್ತದೆ ಎಂದೆ. ಅಲ್ಲಿಂದ ಇಳಿದು ಬಂದವರು ಮನೆಯಲ್ಲಿ ಯಾರೊಂದಿಗೂ ಒಂದು ವಾರ ಜಗಳ ಆಡುವುದಿಲ್ಲ ಎಂದು ಹೇಳುತ್ತಾರೆ ಎಂದೂ ಸೇರಿಸಿದೆ. 'ಹೇಳುತ್ತಾರೆ' ಎಂಬುದನ್ನು ಬಿಡಲಿಲ್ಲ.

ಅವಳ ಕಣ್ಣು ತುಂಬಿತು. "ಎಷ್ಟು ಚೆನ್ನಾಗಿ ಹೇಳ್ತೀರಿ! ನೀವು ಎಷ್ಟು ಸಲ ಹೋಗಿದ್ದೀರಿ?"

"ಒಂದ್ಸಲಾನೂ ಇಲ್ಲ," ಎಂದೆ. "ಅದಕ್ಕೇ ನನ್ನನ್ನ ಇಲ್ಲಿ ಕೂರಿಸಿರೋದು."